ಬಲೆ ಕಂಡರೆ ನಿಲ್ಲುವ ಕೈ

ಗೆರೆ ಮುಟ್ಟಲು ಇನ್ನು ಎರಡು ಬೋಟಿನಷ್ಟು ನೀರು ಉಳಿದಿತ್ತು. ಮುಂದಿದ್ದದ್ದು ನಮ್ಮ ಬೋಟೇ. ಪಕ್ಕದ ಲೇನಿನವರು ಕಾಲು ಬೋಟಿನಷ್ಟು ಹಿಂದಿದ್ದರು, ಅದರಾಚೆಯವರು ಇನ್ನೂ ಸ್ವಲ್ಪ ಹಿಂದೆ. ನಾನು ಟವೆಲ್ ಹಿಡಿದುಕೊಂಡು ದಡದ ಮೇಲೆ ಓಡುತ್ತಾ, ಗೆದ್ದಾಯಿತು ಎಂದು ಮನಸ್ಸಿನಲ್ಲೇ ಸಿಹಿ ಹಂಚುತ್ತಿದ್ದೆ. ಅಷ್ಟರಲ್ಲಿ ನಮ್ಮ ಇಬ್ಬರು ಹುಡುಗಿಯರೂ ಪ್ಯಾಡಲ್ ಎತ್ತಿ, ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಸುಮ್ಮನೆ ಕುಳಿತರು. ಬೋಟು ತನ್ನ ಪಾಡಿಗೆ ತಾನು ಜಾರತೊಡಗಿತು. ಅವರು ಬೆಚ್ಚಿಬಿದ್ದವರಂತೆ ಮತ್ತೆ ಪ್ಯಾಡಲ್ ನೀರಿಗೆ ಹಾಕುವಷ್ಟರಲ್ಲಿ ಎರಡು ಬೋಟುಗಳು ದಾಟಿ ಹೋಗಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಶಾಲೆಯ ಮಕ್ಕಳು ಆಡಿಕೊಳ್ಳುವುದು ಸುಳ್ಳಲ್ಲ. ಬೋಟು ಇನ್ನೂ ದಡ ಮುಟ್ಟಿರಲಿಲ್ಲ, ನಾನು ಶುರು ಮಾಡಿಯಾಗಿತ್ತು. ಮಧ್ಯದಲ್ಲಿ ಕಾಫಿ ಕುಡಿಯಬೇಕು ಅನ್ನಿಸಿತಾ, ಹೇಳಿದ್ದರೆ ಫ್ಲಾಸ್ಕಿನಲ್ಲಿ ತರುತ್ತಿದ್ದೆನಲ್ಲ ಎಂದು ಎಲ್ಲರೆದುರು ಕೂಗಾಡಿದೆ. ಹಿಂದೆ ಕುಳಿತಿದ್ದವಳು ಅಳತೊಡಗಿದಳು. ಮುಂದಿನವಳು ಅಳಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಗೊತ್ತಿಲ್ಲ ಮೇಡಂ," ಎಂದಳು. "ಕೈ ನಿಂತುಬಿಡ್ತು."

ನಮ್ಮ ಕ್ಲಬ್ಬಿರುವುದು ನರಸಿಂಹರಾಜಪುರದಲ್ಲಿ, ಭದ್ರಾ ಹಿನ್ನೀರಿನ ದಡದಲ್ಲಿ. ನಾನು ಕೊಪ್ಪದ ಶಾಲೆಯೊಂದರಲ್ಲಿ ಆಟ ಕಲಿಸುವ ಮೇಷ್ಟರಮ್ಮ. ಶನಿವಾರ, ಭಾನುವಾರ ಮತ್ತು ಕ್ಯಾಂಪಿನ ದಿನಗಳಲ್ಲಿ ಬೆಳಗಿನ ಬಸ್ಸು ಹಿಡಿದು ಹಿನ್ನೀರಿಗೆ ಹೋಗಿ ಕಯಾಕ್ ಕಲಿಸುತ್ತೇನೆ. ಆ ದಿನ ನಾವು ಹೋಗಿದ್ದು ಬಯಲುಸೀಮೆಯ ಒಂದು ದೊಡ್ಡ ಕೆರೆಯಲ್ಲಿ ನಡೆದ ಕ್ಲಬ್ಬುಗಳ ಸ್ಪರ್ಧೆಗೆ. ಹುಡುಗಿಯರು ಇಳಿದದ್ದು ಕೆ-ಟು ಸ್ಪರ್ಧೆಗೆ, ಅಂದರೆ ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುವ ಉದ್ದನೆಯ ಬೋಟು. ಅದರ ಅಗಲ ಸೊಂಟ ಹಿಡಿಸಿದರೆ ಸಾಕು ಎನ್ನುವಷ್ಟೇ. ಮುಂದೆ ಕೂತವಳು ಓಟದ ಲಯ ಹಾಕಿಕೊಡಬೇಕು, ಎರಡು ಪಾದಗಳ ನಡುವೆ ಇರುವ ಕಡ್ಡಿಯನ್ನು ಕಾಲ್ಬೆರಳಿನಿಂದ ನೂಕಿ ಬಾಲದ ಚುಕ್ಕಾಣಿಯನ್ನೂ ತಿರುಗಿಸಬೇಕು. ಹಿಂದಿನವಳಿಗೆ ಕಾಣುವುದು ಮುಂದಿನವಳ ಬೆನ್ನು ಮಾತ್ರ. ಆ ಬೆನ್ನು ತಿರುಗಿದಂತೆ ತಾನೂ ತಿರುಗಬೇಕು, ನಿಂತರೆ ನಿಲ್ಲಬೇಕು. ಗಾಳಿಯಿದ್ದರೆ ಮುಂದಿನ ಪ್ಯಾಡಲ್ಲಿನ ನೀರೆಲ್ಲ ಅವಳ ಮುಖಕ್ಕೇ.

ಮುಂದೆ ಕೂರುತ್ತಿದ್ದವಳು ಸೀತೂರಿನವಳು. ಅವಳ ಅಪ್ಪ ಅಮ್ಮ ಇಬ್ಬರೂ ತೋಟದ ಕೂಲಿಗೆ ಹೋಗುವವರು. ಅಗಲ ಭುಜ, ಕಡಿಮೆ ಮಾತು. ಹಿಂದೆ ಕೂರುತ್ತಿದ್ದವಳು ಕಿಗ್ಗದವಳು. ಜಮೀನು, ತೋಟ ಎಲ್ಲ ಇರುವ ಮನೆಯ ಹುಡುಗಿ, ತೆಳ್ಳಗೆ, ಬಾಯಿಗೆ ಬಿಡುವಿಲ್ಲ. ಇಬ್ಬರೂ ನರಸಿಂಹರಾಜಪುರದ ಕಾಲೇಜಿನಲ್ಲಿ ಒಂದೇ ಬೆಂಚಿನವರು.

ಮುಂದಿನ ತಿಂಗಳು ಅದೇ ಕೆರೆಯಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು. ಮೊದಲ ಎರಡು ಬೋಟಿನವರಿಗೆ ಜಾಗ. ಸೀತೂರಿನವಳಿಗೆ ಜೂನಿಯರ್ ವಿಭಾಗದಲ್ಲಿ ಅದೇ ಕೊನೆಯ ವರ್ಷ. ರಾಜ್ಯ ತಂಡದಲ್ಲಿ ಹೆಸರು ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತಿತ್ತು. ಊಟ, ಓದು, ಬೋಟು ಎಲ್ಲವೂ ಅಲ್ಲೇ. ಇಲ್ಲದಿದ್ದರೆ ಅವಳ ಕಯಾಕ್ ಅಲ್ಲಿಗೆ ಮುಗಿಯಿತು. ನಮ್ಮ ಕ್ಲಬ್ಬಿನಲ್ಲಿ ಸೀನಿಯರ್ ತಂಡವೇ ಇಲ್ಲ. ಕಿಗ್ಗದವಳು ಒಂದು ವರ್ಷ ಚಿಕ್ಕವಳು, ಅವಳಿಗೆ ಇನ್ನೊಂದು ಅವಕಾಶ ಇತ್ತು. ಹಾಗಾಗಿ ವಾಪಸು ಬರುವ ಜೀಪಿನಲ್ಲಿ ನನ್ನ ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ.

ಯಾರೋ ಪೋಷಕರು ಓಟವನ್ನು ಫೋನಿನಲ್ಲಿ ತೆಗೆದಿದ್ದರು. ಕಡೂರು ದಾಟಿದ ಮೇಲೆ ಅದನ್ನು ನಾನು ಮತ್ತೆ ಮತ್ತೆ ನೋಡಿದೆ. ಸುಸ್ತಾದವರ ಕೈ ಹೀಗೆ ನಿಲ್ಲುವುದಿಲ್ಲ. ಸುಸ್ತಾದರೆ ಮೊದಲು ಭುಜ ಬೀಳುತ್ತದೆ, ಹೊಡೆತ ಗಿಡ್ಡವಾಗುತ್ತದೆ, ಪ್ಯಾಡಲ್ ನೀರನ್ನು ಹಿಡಿಯದೆ ಸವರುತ್ತದೆ. ಇವಳದ್ದು ಕೊನೆಯ ಹೊಡೆತದವರೆಗೂ ಸರಿಯಾಗಿಯೇ ಇತ್ತು. ಆಮೇಲೆ ಒಂದೇ ಸಲಕ್ಕೆ ಪ್ಯಾಡಲ್ ಎತ್ತಿ ಅಡ್ಡ ಇಟ್ಟು, ಎರಡೂ ತುದಿ ನೀರಿಗೆ ತಾಗದ ಹಾಗೆ ಮೊಣಕೈ ಸ್ವಲ್ಪ ಮೇಲೆ ಮಾಡಿದ್ದಳು. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ದಿನಾ ನೋಡುತ್ತಿದ್ದೆ. ಹಿನ್ನೀರಿನಲ್ಲಿ ಬಲೆ ದಾಟುವಾಗ ನಮ್ಮವರೆಲ್ಲ ಮಾಡುವುದೇ ಹಾಗೆ.

ಬಲೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗದು. ಹಿನ್ನೀರಿನಲ್ಲಿ ಮೀನು ಹಿಡಿಯುವವರು ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಬಲೆಯ ಮೇಲಂಚಿನ ಹಗ್ಗಕ್ಕೆ ಖಾಲಿ ನೀರಿನ ಬಾಟಲಿ, ಕ್ಯಾನುಗಳನ್ನು ಕಟ್ಟಿರುತ್ತಾರೆ; ನೀರಿನ ಮೇಲೆ ಬಿಳಿ ಸಾಲು ಕಾಣುತ್ತದೆ. ನಾವು ಅಭ್ಯಾಸಕ್ಕೆ ಇಳಿಯುವುದೂ ಬೆಳಿಗ್ಗೆಯೇ. ಜೋರಾಗಿ ಬಂದ ಬೋಟಿನ ಚುಕ್ಕಾಣಿ ಆ ಹಗ್ಗಕ್ಕೆ ಸಿಕ್ಕರೆ ಬಲೆಯೂ ಹರಿಯುತ್ತದೆ, ಚುಕ್ಕಾಣಿಯ ಕೇಬಲ್ಲೂ ಹರಿಯುತ್ತದೆ. ಸಾಲಿನ ಹತ್ತಿರ ಬಂದಾಗ ಪ್ಯಾಡಲ್ ಎತ್ತಿ ಅಡ್ಡ ಇಟ್ಟುಕೊಂಡು ನಿಧಾನವಾಗಿ ಜಾರಿದರೆ, ಎರಡು ಬಾಟಲಿಗಳ ನಡುವೆ ಹಗ್ಗ ತಗ್ಗಿರುವ ಕಡೆ ಬೋಟು ದಾಟಿಕೊಳ್ಳುತ್ತದೆ. ಕ್ಲಬ್ಬು ಶುರುವಾದ ವರ್ಷ ಒಂದು ಬಲೆ ಉದ್ದಕ್ಕೆ ಹರಿದು ದೊಡ್ಡ ರಾಮಾಯಣವಾಗಿ, ಆಮೇಲೆ ಮೀನಿನವರೂ ನಾವೂ ಕೂತು ಮಾಡಿಕೊಂಡ ಕಟ್ಟಳೆ ಅದು. ಬಾಟಲಿ ಕಂಡರೆ ಕೈ ನಿಲ್ಲಬೇಕು. ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಅದನ್ನು.

ಅಂದು ಹರಿದ ಬಲೆ ಸೀತೂರಿನವಳ ಸೋದರಮಾವನದು. ಅವಳು ಓದಲು ಅನುಕೂಲವೆಂದು ಹೈಸ್ಕೂಲಿನಿಂದಲೂ ನರಸಿಂಹರಾಜಪುರದ ಮಾವನ ಮನೆಯಲ್ಲೇ ಇದ್ದಳು. ಮಾವ ಅಂಗಳದಲ್ಲಿ ಕೂತು ಆ ಬಲೆಯನ್ನು ಕಣ್ಣು ಕಣ್ಣಾಗಿ ಮತ್ತೆ ಹೆಣೆದದ್ದನ್ನು ನೋಡಿದ್ದಾಳೆ, ನೂಲು ಹಿಡಿದು ಸಹಾಯವನ್ನೂ ಮಾಡಿದ್ದಾಳೆ. ಹಾಗಾಗಿ ಉಳಿದವರಿಗೆ ಅದು ಕ್ಲಬ್ಬಿನ ನಿಯಮ, ಅವಳಿಗೆ ಮನೆಯ ಮಾತು. ಕೆರೆಯ ಸ್ಪರ್ಧೆಯಲ್ಲಿ ಮುಗಿಯುವ ಗೆರೆ ತೋರಿಸಲು ಪ್ರತಿ ಲೇನಿನ ಎರಡೂ ಬದಿಗೆ ಬಿಳಿ ಕ್ಯಾನು ತೇಲಿಬಿಟ್ಟಿದ್ದರು. ದಡದಿಂದ ನೋಡಿದರೆ ಬಿಡಿ ಬಿಡಿ ಕ್ಯಾನು. ನೀರಿಗಂಟಿಕೊಂಡ ಬೋಟಿನಲ್ಲಿ ಕೂತು ನೋಡಿದರೆ ಅಡ್ಡಕ್ಕೆ ಕಟ್ಟಿದ ಒಂದೇ ಸಾಲು.

ಕಾರಣ ಸಿಕ್ಕಿತಲ್ಲ, ಇನ್ನು ಬಿಡಿಸುವುದಕ್ಕೆ ಎಷ್ಟು ಹೊತ್ತು ಎಂದುಕೊಂಡೆ. ಶಾಲೆಗೆ ರಜೆ ಹಾಕಿ ಕ್ಯಾಂಪು ಶುರು ಮಾಡಿದೆ. ಬಲೆಯೇ ಇಲ್ಲದ ಕಡೆ, ಓಟದ ದೂರವಾದ ಐನೂರು ಮೀಟರಿನ ಕೊನೆಗೆ ಕಲ್ಲು ಕಟ್ಟಿ ಕ್ಯಾನುಗಳನ್ನು ತೇಲಿಬಿಟ್ಟೆ. ಮೊದಲೇ ಹೇಳಿ ಕಳಿಸಿದರೆ ಸೀತೂರಿನವಳು ಕ್ಯಾನು ದಾಟಿ ಆಚೆಗೂ ಹೊಡೆಯುತ್ತಿದ್ದಳು. ಆದರೆ ಉಸಿರು ಸಿಕ್ಕಿಕೊಳ್ಳುವಷ್ಟು ಜೋರಾಗಿ ಓಡಿಸಿ, ಏನೂ ಹೇಳದೆ ಬಿಟ್ಟರೆ ಕೈ ಅಲ್ಲೇ ನಿಲ್ಲುತ್ತಿತ್ತು. ತಲೆಗೆ ಗೊತ್ತಾಗುವ ಮೊದಲು ಕೈಗೆ ಗೊತ್ತಾಗುತ್ತಿತ್ತು. ಆಚೆ ದಡದ ಮರದ ಮೇಲೆ ಕಣ್ಣಿಡು ಎಂದೆ, ಆಗಲಿಲ್ಲ. ಕ್ಯಾನಿಗೆ ಕೆಂಪು ಬಣ್ಣ ಬಳಿದೆ. ಕೆಂಪು ಕ್ಯಾನಿಗೂ ನಿಂತಳು. ಹಿಂದಿನಿಂದ ನೀನು ಹೊಡಿ ಹೊಡಿ ಎಂದು ಕೂಗು ಎಂದು ಕಿಗ್ಗದವಳಿಗೆ ಹೇಳಿಕೊಟ್ಟೆ. ಅವಳಿಗೆ ಕ್ಯಾನು ಎಲ್ಲಿದೆ ಎಂದು ಕಂಡರೆ ತಾನೆ? ಅರ್ಧ ದಾರಿಯಿಂದಲೇ ಕೂಗಲು ಶುರು ಮಾಡಿ, ಕ್ಯಾನು ಬರುವಷ್ಟರಲ್ಲಿ ದನಿ ಕಟ್ಟಿ ಕೆಮ್ಮುತ್ತಿದ್ದಳು.

ಸುದ್ದಿ ಮಾವನಿಗೆ ಮುಟ್ಟಿತು. ಆತ ಒಂದು ಸಂಜೆ ನಮ್ಮ ಶೆಡ್ಡಿನ ಹತ್ತಿರ ಬಂದು, ಆಯ್ಕೆ ಮುಗಿಯುವವರೆಗೆ ನೀವು ಓಡಾಡುವ ನೀರಿನಲ್ಲೆಲ್ಲೂ ಬಲೆ ಬಿಡುವುದಿಲ್ಲ, ಉಳಿದವರಿಗೂ ಹೇಳುತ್ತೇನೆ ಎಂದ. ಹೊಟ್ಟೆಪಾಡಿನ ಕೆಲಸ ನಿಲ್ಲಿಸಬೇಡಿ ಎಂದರೆ, ಹೇಗೂ ಅಡಿಕೆ ಕೊಯ್ಲು ನಡೀತಿದೆ, ಕೂಲಿಗೆ ಹೋಗ್ತೇನೆ, ಮೀನೇನು ಊರು ಬಿಟ್ಟು ಹೋಗಲ್ಲ ಎಂದು ನಕ್ಕ. ಮಾತಿನಂತೆ ಬಾಟಲಿಗಳೆಲ್ಲ ಮಾಯವಾದವು. ಅವನ ಮುಖಕ್ಕಾದರೂ ಗುಣ ಕಾಣಬೇಕಿತ್ತು, ಕಾಣಲಿಲ್ಲ. ಬಲೆ ಇಲ್ಲದ ನೀರಿನಲ್ಲಿ ಚೆನ್ನಾಗಿಯೇ ಓಡಿಸುತ್ತಿದ್ದವಳು ನನ್ನ ಕ್ಯಾನು ಕಂಡ ಕೂಡಲೇ ಮೊದಲಿನಂತೆಯೇ ನಿಲ್ಲುತ್ತಿದ್ದಳು. ಒಂದು ದಿನ ಹಾಗೆ ನಿಂತವಳು ಬೋಟಿನಲ್ಲೇ ತನ್ನ ಬಲಗೈಗೆ ಎಡಗೈಯಿಂದ ಪಟಪಟ ಹೊಡೆದುಕೊಂಡಳು. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು.

ಕ್ಲಬ್ಬಿನ ಕಾರ್ಯದರ್ಶಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು. ಕ್ಲಬ್ಬಿಗಾಗಿ ಕೈಯಿಂದ ಹಾಕಿದ್ದು ಬೇಕಾದಷ್ಟಿದೆ, ಒಳ್ಳೆಯವರೇ. ಅವರು ಬಂದು ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು ಎಂದರು. ಹುಟ್ಟುಗುಣ ಅಲ್ಲ, ನಾನೇ ಕಲಿಸಿದ ಗುಣ ಎಂದೆ. ಅವರ ಸಲಹೆ ಸರಳವಾಗಿತ್ತು: ಸೀತೂರಿನವಳನ್ನು ಕೆಳಗಿಳಿಸಿ, ಕ್ಲಬ್ಬಿನ ಇನ್ನೊಬ್ಬ ಹುಡುಗಿಯನ್ನು ಮುಂದೆ ಕೂರಿಸುವುದು. ಆ ಹುಡುಗಿಯದು ನಿಧಾನ, ಮೂರನೆಯ ಸ್ಥಾನವೂ ಬರಲಿಕ್ಕಿಲ್ಲ, ಆದರೆ ಕೊನೆಯಲ್ಲಿ ನಿಂತು ನಗೆಪಾಟಲಾಗುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ಯೋಚಿಸುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ.

ದಾರಿ ತೋರಿಸಿದ್ದು ಕಿಗ್ಗದವಳ ಹರಟೆ. ಅಂದು ಅಭ್ಯಾಸ ಮುಗಿಸಿ ಬೋಟನ್ನು ಸ್ಟ್ಯಾಂಡಿನ ಮೇಲೆ ಕವುಚಿ ತೊಳೆಯುತ್ತಿದ್ದೆವು. ಅವಳು ಬಟ್ಟೆಯಿಂದ ಒರೆಸುತ್ತಾ, ಮೇಡಂ, ಎಲ್ಲರೂ ಆ ಕ್ಯಾನು ಈ ಕ್ಯಾನು ಅಂತೀರಿ, ನಾನು ಒಂದು ಸಲವೂ ಅದನ್ನು ನೋಡಲೇ ಇಲ್ಲ, ನನಗೆ ಇವಳ ಬೆನ್ನಿನ ಮೇಲಿನ ಮಚ್ಚೆ ಮಾತ್ರ ಗೊತ್ತು ಎಂದಳು. ನಾನು ಪೈಪು ಕೆಳಗಿಟ್ಟೆ. ಹೌದಲ್ಲ! ಇವಳು ಮೊದಲ ದಿನದಿಂದ ಹಿಂದಿನ ಸೀಟು. ಬಲೆ ಕಂಡು ನಿಲ್ಲಿಸಿದವಳಲ್ಲ, ಮುಂದಿನವಳು ನಿಂತಳು ಎಂದು ನಿಲ್ಲಿಸಿದವಳು. ಇವಳ ಕಣ್ಣಿಗೆ ಆ ಸಾಲಿನ ಪರಿಚಯವೇ ಇಲ್ಲ. ಸೀತೂರಿನವಳು ಹಿಂದೆ ಕೂತರೆ ಅವಳ ಕಣ್ಣಿಗೂ ಸಾಲು ಬೀಳುವುದಿಲ್ಲ. ಸೀಟು ಅದಲು ಬದಲು ಮಾಡಿದರೆ ಬೋಟಿನಲ್ಲಿ ಬಲೆ ಕಾಣುವವರು ಯಾರೂ ಉಳಿಯುವುದಿಲ್ಲ.

ಕಾರ್ಯದರ್ಶಿಗಳು ತಲೆ ಮೇಲೆ ಕೈ ಹೊತ್ತರು. "ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ಇದೇ ನೋಡಿ ಮಾರಾಯ್ರೆ. ಚುಕ್ಕಾಣಿ ಮುಟ್ಟಿ ಗೊತ್ತಿಲ್ಲದ ಹುಡುಗಿ, ಇಷ್ಟರೊಳಗೆ ಎಂತ ಕಲೀತಾಳೆ? ನಾಳೆ ಬೋಟು ಪಕ್ಕದ ಲೇನಿಗೆ ನುಗ್ಗಿದ್ರೆ ಇಬ್ರೂ ಔಟ್."

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಲೇನು ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಆದರೆ ಸೀತೂರಿನವಳನ್ನು ಬೋಟಿನಲ್ಲಿ ಉಳಿಸಿಕೊಳ್ಳಲು ನನಗೆ ಬೇರೆ ದಾರಿ ಕಾಣಲಿಲ್ಲ. ಅವಳಿಲ್ಲದೆ ಹೋಗಿ ನಾಲ್ಕನೆಯವರಾಗಿ ಬರುವುದಕ್ಕಿಂತ, ಅವಳನ್ನು ಕರೆದುಕೊಂಡು ಹೋಗಿ ಮುಳುಗುವುದೇ ವಾಸಿ ಎಂದುಬಿಟ್ಟೆ.

ಅವಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಮುಂದಿನ ಸೀಟು ಎಂದರೆ ಬೋಟಿನ ಯಜಮಾನಿಕೆ. ಕರೆದು ಪಕ್ಕದಲ್ಲಿ ಕೂರಿಸಿಕೊಂಡ ಕೂಡಲೇ, "ನನ್ನ ತೆಗೀತೀರಾ ಮೇಡಂ?" ಎಂದು ಕೇಳಿದಳು. ತೆಗೆಯುವುದಿಲ್ಲ, ಹಿಂದೆ ಕೂರಿಸುತ್ತೇನೆ ಎಂದೆ. "ಹಿಂದೆ ಅಂದ್ರೂ ಅದೇ ಅಲ್ವಾ," ಎಂದು ನೀರಿನ ಕಡೆ ಮುಖ ತಿರುಗಿಸಿದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ನಿನ್ನ ಬಲ ಬೇಕು, ನಿನ್ನ ಕಣ್ಣು ಬೇಡ ಎಂದೆ. ಇನ್ನೂ ನಯವಾಗಿ ಹೇಳಬಹುದಿತ್ತೇನೋ, ನನಗೆ ನಯ ಬರುವುದಿಲ್ಲ. ಅವಳು ಎದ್ದು ಶೆಡ್ಡಿಗೆ ಹೋಗಿ ಸ್ಪ್ಯಾನರ್ ತಂದಳು. ಬೋಟಿನೊಳಗೆ ಕೈ ಹಾಕಿ ಹಿಂದಿನ ಸೀಟಿನ ಕಾಲುಮಣೆಯ ನಟ್ಟು ಸಡಿಲಿಸಿ, ಅದನ್ನು ತನ್ನ ಕಾಲಿನ ಉದ್ದಕ್ಕೆ ತಾನೇ ಸರಿಸಿಕೊಂಡಳು. ಅಷ್ಟೇ ಅವಳ ಉತ್ತರ.

ಹಿನ್ನೀರಿನಲ್ಲೇ ಅಭ್ಯಾಸ ಮುಂದುವರಿಸಿದರೆ ನನ್ನ ಕ್ಯಾನು ನೋಡಿ ನೋಡಿ ಕಿಗ್ಗದವಳ ಕಣ್ಣಿಗೂ ಅದೇ ಪಾಠವಾಗಿಬಿಡಬಹುದು ಎಂದು ಹೆದರಿದೆ. ಜೀಪಿನ ತಲೆ ಮೇಲೆ ಹಳೆಯ ಸೈಕಲ್ ಟ್ಯೂಬು ಹಾಸಿ ಬೋಟು ಕಟ್ಟಿಕೊಂಡು, ಕೊಪ್ಪದ ಮೇಲೆ ಹರಿಹರಪುರದ ಹತ್ತಿರ ತುಂಗೆಯ ಒಂದು ಮಡುವಿಗೆ ಹೋದೆವು. ಮಳೆಗಾಲ ಕಳೆದು ಹೊಳೆ ತಣ್ಣಗಾಗಿತ್ತು. ಎರಡು ಬಂಡೆಸಾಲುಗಳ ನಡುವೆ ನೀರು ಆಳವಾಗಿ, ಹರಿಯುತ್ತಿದೆಯೋ ಇಲ್ಲವೋ ಎನ್ನುವ ಹಾಗೆ ನಿಂತಿತ್ತು. ಐನೂರು ಮೀಟರು ಸಿಗುವುದಿಲ್ಲ, ಆದರೆ ಚುಕ್ಕಾಣಿ ಕಲಿಯಲು ಸಾಕು. ಬಲೆ ಇಲ್ಲ, ಬಾಟಲಿ ಇಲ್ಲ, ಕ್ಯಾನು ಇಲ್ಲ.

ಮೊದಲ ದಿನ ಅವರು ಮಗುಚಿದ್ದನ್ನು ಎಣಿಸುವುದನ್ನೇ ಬಿಟ್ಟೆ. ಹೊಸ ಮುಂದಿನವಳು ಚುಕ್ಕಾಣಿಯ ಕಡ್ಡಿಯನ್ನು ಬೈಕಿನ ಬ್ರೇಕು ತುಳಿದ ಹಾಗೆ ತುಳಿಯುತ್ತಿದ್ದಳು. ಬೆರಳಿನಿಂದ ಒಂದಿಷ್ಟು ನೂಕಿ, ಬೋಟು ತಿರುಗುವವರೆಗೆ ಕಾಯಬೇಕು. ಅವಳಿಗೆ ಕಾಯುವ ತಾಳ್ಮೆ ಇಲ್ಲ. ಬೋಟು ಎಡಕ್ಕೆ ಹೊರಳಿದರೆ ಬಲಕ್ಕೆ ಜಜ್ಜುವಳು, ಬಲಕ್ಕೆ ಹೊರಳಿದರೆ ಎಡಕ್ಕೆ. ಹಿಂದಿನವಳಿಗೆ ಮುಂದಿನದು ಕಾಣದ ಸಿಟ್ಟು, ಬೇರೆಯವರ ಲಯಕ್ಕೆ ಕಾಯಬೇಕಾದ ಸಿಟ್ಟು. ತಲೆ ಆಚೆ ಚಾಚಿ ಇಣುಕುವಳು, ಇಣುಕಿದ ಕೂಡಲೇ ಬೋಟು ಮಗುಚುವುದು. ಬಟ್ಟೆ ಒಗೆಯಲು ಬಂದ ಹೆಂಗಸೊಬ್ಬರು ನೋಡಿ ನೋಡಿ, ಇದೇನು ಈಜು ಕಲಿಸುವ ಕ್ಯಾಂಪಾ ಎಂದು ನನ್ನನ್ನು ಕೇಳಿದರು. ಸದ್ಯಕ್ಕೆ ಅದೇ ಎಂದೆ.

ನಾಲ್ಕಾರು ದಿನದಲ್ಲಿ ಬೋಟು ನೇರವಾಗಿ ಹೋಗತೊಡಗಿತು. ಅಷ್ಟರಲ್ಲಿ ಚುಕ್ಕಾಣಿ ನೀರೊಳಗಿನ ಬಂಡೆಗೆ ಬಡಿದು ಅಲಗು ಸೊಟ್ಟಗಾಯಿತು, ಕೇಬಲ್ ಕಿತ್ತುಬಂತು. ಕೊಪ್ಪದ ಗ್ಯಾರೇಜಿಗೆ ಹೋಗಿ ಅಲಗು ತಟ್ಟಿಸಿ, ಬೈಕಿನ ಕ್ಲಚ್ ಕೇಬಲ್ ಹಾಕಿಸಿಕೊಂಡು ಬಂದೆ. ಮೊದಲಿನದಕ್ಕಿಂತ ಅದೇ ಗಟ್ಟಿಯಾಗಿ ಕೂತಿತು. ಆದರೆ ಹಿನ್ನೀರಿಗೆ ವಾಪಸು ಬಂದು, ಕ್ಯಾನೆಲ್ಲ ತೆಗೆಸಿ, ಪೂರ್ತಿ ದೂರ ಓಡಿಸಿ ನೋಡಿದರೆ ಲೆಕ್ಕ ತಪ್ಪಿತ್ತು. ಹಳೆಯ ಜೋಡಣೆಯಲ್ಲಿ ಓಡುತ್ತಿದ್ದದ್ದಕ್ಕಿಂತ ಬೋಟು ಬಹಳ ನಿಧಾನ. ಕಾರ್ಯದರ್ಶಿಗಳು ಸ್ಟಾಪ್‌ವಾಚು ನೋಡಿ ನನ್ನ ಕೈಗಿಟ್ಟು ಅಂಗಡಿಗೆ ಹೊರಟುಬಿಟ್ಟರು, ಬೈದಿದ್ದರಾದರೂ ಜಗಳವಾಡಿ ಹಗುರಾಗುತ್ತಿದ್ದೆ. ಅಂದು ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ, ನಾಳೆ ಹಳೆಯ ಸೀಟಿಗೇ ಕೂರಿಸಿಬಿಡೋಣ, ದೇವರು ನಡೆಸಿದಂತಾಗಲಿ ಎಂದೂ ಒಮ್ಮೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಬೋಟಿನಲ್ಲಿ ಕೂತು ದಡ ಬಿಡುವಾಗ ಬಗ್ಗಿ ನೋಡಿದೆ. ಬೋಟಿನ ಮೂತಿ ನೀರಿನಿಂದ ಮೇಲೆದ್ದಿತ್ತು, ಬಾಲ ನೀರಿಗೆ ತಗ್ಗಿತ್ತು. ಭಾರದವಳನ್ನು ಹಿಂದಕ್ಕೆ ಹಾಕಿ, ಹಗುರದವಳನ್ನು ಮುಂದೆ ಕೂರಿಸಿ, ಸೀಟುಗಳನ್ನು ಮಾತ್ರ ಹಳೆಯ ಜಾಗದಲ್ಲೇ ಬಿಟ್ಟಿದ್ದೆ! ಕಾಲುಮಣೆ ಸರಿಸಿದೆವು, ಸೀಟು ಮರೆತೆವು. ಎತ್ತಿನಗಾಡಿಗೆ ಹಿಂಭಾರ ಹೇರಿದರೆ ಮೂಕಿ ಮೇಲೇಳುತ್ತದೆ ಎಂದು ಹಳ್ಳಿಯಲ್ಲಿ ಹುಟ್ಟಿದ ನನಗೆ ಗೊತ್ತಿಲ್ಲವೇ? ಎರಡೂ ಸೀಟುಗಳನ್ನು ಬಿಚ್ಚಿ ಒಂದೊಂದು ತೂತು ಮುಂದಕ್ಕೆ ಕೂರಿಸಿದೆವು. ನೀರಿನ ಮಟ್ಟ ಗೊತ್ತಾಗಲು ಬೋಟಿನ ಪಕ್ಕೆಗೆ ಟೇಪು ಅಂಟಿಸಿ, ಇಳಿಸಿ ನೋಡಿ, ಮತ್ತೆ ಎತ್ತಿ, ಮತ್ತೆ ಸರಿಸಿ, ಟೇಪು ನೀರಿಗೆ ಸಮನಾಗುವವರೆಗೆ ಬಿಡಲಿಲ್ಲ. ಆಮೇಲೆ ಓಡಿಸಿದಾಗ ಬೋಟು ಹಳೆಯ ವೇಗಕ್ಕೆ ಬಂತು. ಎರಡು ದಿನ ಬಿಟ್ಟು ಅದನ್ನೂ ದಾಟಿತು. ಕಾರ್ಯದರ್ಶಿಗಳು ಅಂದು ಸಂಜೆ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದರು.

ಆಯ್ಕೆಯ ದಿನ ಕೆರೆಯ ಮೇಲೆ ಪಕ್ಕದಿಂದ ಗಾಳಿ ಬೀಸುತ್ತಿತ್ತು. ಮುಗಿಯುವ ಗೆರೆಯಲ್ಲಿ ಅವೇ ಬಿಳಿ ಕ್ಯಾನುಗಳು. ಸೀತೂರಿನವಳ ಮಾವನೂ ಬಂದಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಚೀಲ ನೇತುಹಾಕಿಕೊಂಡು. ಹುಡುಗಿಯರು ಬೋಟು ಹೊತ್ತು ನೀರಿಗಿಳಿದರು. ನಾನು ಹೇಳಬೇಕಾದದ್ದನ್ನೆಲ್ಲ ಒಂದು ತಿಂಗಳು ಹೇಳಿ ಮುಗಿಸಿದ್ದೆ. ನೀರು ಕುಡಿದಿರಾ ಎಂದು ಮಾತ್ರ ಕೇಳಿದೆ.

ಹೊರಟದ್ದು ಚೆನ್ನಾಗಿರಲಿಲ್ಲ. ಗಾಳಿಗೆ ಮೂತಿ ಬಲಕ್ಕೆ ಸರಿದು ಲೇನಿನ ಅಂಚಿನವರೆಗೆ ಹೋಯಿತು. ನನ್ನ ಕಾಲ್ಬೆರಳುಗಳು ಶೂ ಒಳಗೆ ತಾವೇ ಚುಕ್ಕಾಣಿ ನೂಕುತ್ತಿದ್ದವು. ಕಿಗ್ಗದವಳು ಜಜ್ಜಲಿಲ್ಲ. ಸ್ವಲ್ಪ ನೂಕಿದಳು, ಕಾದಳು, ಬೋಟು ನಡುವಿಗೆ ಬಂತು. ಅರ್ಧ ದಾರಿಯಲ್ಲಿ ನಾವು ನಾಲ್ಕನೆಯವರು. ಅಲ್ಲಿಂದ ಸೀತೂರಿನವಳ ಭುಜ ಕೆಲಸ ಶುರು ಮಾಡಿತು. ಒಂದೊಂದು ಹೊಡೆತಕ್ಕೂ ಬೋಟು ಮುಂದೆ ಮುಂದೆ ನೆಗೆಯುವುದು ದಡಕ್ಕೇ ಕಾಣುತ್ತಿತ್ತು. ಮೂರನೆಯವರನ್ನು ಹಿಡಿದರು, ದಾಟಿದರು. ಎರಡನೆಯವರ ಜೊತೆ ಮೂತಿಗೆ ಮೂತಿ ಬಂದಾಗ ಕ್ಯಾನುಗಳ ಸಾಲು ಹತ್ತಿರವಾಯಿತು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು. ಹಿಂದಿನ ಸಲ ಕಂಡದ್ದನ್ನು ಮತ್ತೊಮ್ಮೆ ನೋಡಲು ನನ್ನಿಂದಾಗದು ಎಂದು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಜನರ ಕೂಗು ಕೇಳಿತು. ಪಕ್ಕದಲ್ಲಿದ್ದ ಮಾವ ನನ್ನ ತೋಳು ಹಿಡಿದದ್ದು ಗೊತ್ತಾಯಿತು.

ಕಣ್ಣು ಬಿಟ್ಟಾಗ ನಮ್ಮ ಬೋಟು ಗೆರೆ ದಾಟಿ ಆಚೆಗೆ ಹೋಗಿಯೇ ಹೋಗುತ್ತಿತ್ತು. ಉಳಿದವರೆಲ್ಲ ಪ್ಯಾಡಲ್ ಬಿಟ್ಟು ಮುಂದಕ್ಕೆ ಬಗ್ಗಿ ಏದುಸಿರು ಬಿಡುತ್ತಿದ್ದರೆ ಇವರು ಇನ್ನೂ ಹೊಡೆಯುತ್ತಿದ್ದರು. ರಕ್ಷಣೆಯ ಮೋಟಾರ್ ಬೋಟಿನವರು ಸೀಟಿ ಊದಿದ ಮೇಲೆ ನಿಂತರು. ಯಾರು ಎರಡು, ಯಾರು ಮೂರು ಎಂದು ತೀರ್ಪುಗಾರರು ಕ್ಯಾಮೆರಾ ನೋಡಿ ಹೇಳುವವರೆಗೆ ನಾನು ಅದೆಷ್ಟು ದೇವರಿಗೆ ಹರಕೆ ಹೊತ್ತೆನೋ, ಈಗ ಎಲ್ಲವೂ ನೆನಪಿಲ್ಲ. ಮೈಕಿನಲ್ಲಿ ಎರಡನೆಯ ಬೋಟು ಎಂದು ನಮ್ಮ ಸಂಖ್ಯೆ ಕೂಗಿದರು. ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಒಂದು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅವಳು ಉಳಿದಳು, ಹಾಸ್ಟೆಲಿಗೆ ಹೋಗುತ್ತಾಳೆ, ಕಯಾಕ್ ಬಿಡಬೇಕಾಗಿಲ್ಲ. ಮಾವ ಹೆಗಲ ಚೀಲ ಕೆಳಗಿಟ್ಟು, ನನ್ನನ್ನು ಎಬ್ಬಿಸಬೇಕೋ ತಾನೂ ಕೂರಬೇಕೋ ಗೊತ್ತಾಗದೆ ನಿಂತಿದ್ದ.

ಬೋಟು ದಡಕ್ಕೆ ಬರುವಷ್ಟರಲ್ಲಿ ಸಮಾಧಾನದ ಜೊತೆಗೆ ಸ್ವಲ್ಪ ಜಂಬವೂ ಬಂದಿತ್ತು. ನನ್ನ ಲೆಕ್ಕ ಸರಿಹೋಯಿತಲ್ಲ! ನೀರಿಗಿಳಿದು ಬೋಟಿನ ಮೂತಿ ಹಿಡಿದು, ಕಿಗ್ಗದವಳ ಬೆನ್ನು ತಟ್ಟಿ, ನಿನ್ನ ಕಣ್ಣಿಗೆ ಆ ಸಾಲಿನ ಹೆದರಿಕೆಯೇ ಇಲ್ಲ, ಅದಕ್ಕೇ ನಿನ್ನನ್ನು ಮುಂದೆ ಕೂರಿಸಿದ್ದು ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

"ಇಲ್ಲ ಮೇಡಂ, ನನ್ನ ಕೈಯೂ ನಿಂತಿತ್ತು," ಎಂದಳು. "ತಿಂಗಳಿಡೀ ಎಲ್ಲರೂ ಅದನ್ನೇ ಹೇಳಿದ್ರಲ್ಲ. ಆ ಕ್ಯಾನು ಕಂಡ ಕೂಡ್ಲೆ ಎಂತದೋ ಆಗಿ ಪ್ಯಾಡಲ್ ಎತ್ತಿಬಿಟ್ಟೆ. ಒಂದು ಹೊಡೆತ ನಂದು ಇಲ್ಲವೇ ಇಲ್ಲ. ಆದ್ರೂ ಬೋಟು ಮುಂದೆ ಹೋಯ್ತು."

ನಾನು ಸೀತೂರಿನವಳ ಕಡೆ ತಿರುಗಿದೆ. ಅವಳು ಕಣ್ಣಿನ ನೀರು, ಕೆರೆಯ ನೀರು ಎರಡನ್ನೂ ಒಟ್ಟಿಗೆ ಒರೆಸಿಕೊಳ್ಳುತ್ತಿದ್ದಳು. ಗೆಳತಿಯ ಮಾತು ಕೇಳಿ ಅವಳಿಗೂ ಆಶ್ಚರ್ಯವಾದಂತಿತ್ತು.

"ನಂಗೇನು ಗೊತ್ತು ಮೇಡಂ, ಮುಖಕ್ಕೆಲ್ಲ ನೀರು, ಇವಳ ಬೆನ್ನೂ ಕಾಣ್ತಿರ್ಲಿಲ್ಲ," ಎಂದಳು. "ಬೋಟು ಒಮ್ಮೆ ಭಾರ ಆದಂಗಾಯ್ತು. ಇನ್ನೂ ದೂರ ಇದೆ ಅಂದ್ಕೊಂಡು ಜೋರಾಗಿ ಎಳೆದೆ."